ನಿಂಬೆ ಹಿಂಡಿದ ಕೈ

ರಾತ್ರಿಯೆಲ್ಲ ಗುಡುಗಿ ಒಂದು ಹನಿಯನ್ನೂ ಉದುರಿಸದ ಮೋಡ ಬೆಳಗಾಗುವ ಹೊತ್ತಿಗೆ ಹಲಸೂರು ಕೆರೆಯ ಮೇಲೆ ಬಂದು ಕೂತಿತ್ತು, ಕೊಡುತ್ತೇನೆಂದು ಹೇಳಿ ಕೊಡದೆ ಎದುರಿಗೇ ಬಂದು ಕೂತ ನೆಂಟನ ಹಾಗೆ. ಗಾಳಿ ಎಂಬುದು ಇರಲಿಲ್ಲ. ಮರ್ಫಿ ಟೌನಿನಲ್ಲಿ ಮುನೀಂದ್ರನ ವಠಾರದ ತಂತಿಗಳ ಮೇಲೆ ಹಿಂದಿನ ದಿನ ಹರವಿದ ಬಟ್ಟೆಗಳು ಇನ್ನೂ ತೇವ ಹಿಡಿದೇ ಜೋತುಬಿದ್ದಿದ್ದವು. ಏಪ್ರಿಲ್ ಮುಗಿಯುತ್ತ ಬಂದಿತ್ತು. ವಠಾರದ ಎರಡು ಸಾಲಿನಲ್ಲಿ ಮನೆಗೊಬ್ಬರು ಅನ್ನುವ ಹಾಗೆ ಹಳದಿ ಕಣ್ಣು ಮಾಡಿಕೊಂಡು ಮಲಗಿದ್ದರು. ಕಾಮಾಲೆ ಬಂದಿತ್ತು.

ಆ ಬೆಳಿಗ್ಗೆ ಪ್ರಿಯದರ್ಶಿನಿ ಅವ್ವ ಬಡಿದ ರೊಟ್ಟಿ ತಿಂದು ಕಾಲೇಜಿಗೆ ಹೋದವಳು ಹೊತ್ತೇರುವ ಮೊದಲೇ ಅದೇ ವಠಾರಕ್ಕೆ ತಿರುಗಿ ಬಂದಳು. ಹೋಗುವಾಗ ಮನೆ ಮಗಳು, ಬರುವಾಗ ಬಿಳಿ ಕೋಟು, ಕೊರಳಲ್ಲಿ ಕಾರ್ಡು. ಜೊತೆಗೆ ಪಾಠ ಹೇಳುವ ಶಾಂತಕುಮಾರಿ ಮೇಡಂ ಮತ್ತು ಜೊತೆಯಲ್ಲಿ ಓದುವ ರಾಮು. ಅವಳು ಪಬ್ಲಿಕ್ ಹೆಲ್ತ್‌ನಲ್ಲಿ ಎಂ.ಎ. ಹಾಗಿನ ದೊಡ್ಡ ಓದು ಓದುತ್ತಿದ್ದಳು, ಅದರೊಳಗೂ ಎಪಿಡೆಮಿಯಾಲಜಿ. ಒಂದು ರೋಗ ಎಲ್ಲಿಂದ ಬಂತು, ಯಾವ ದಾರಿ ಹಿಡಿದು ಯಾರ ಮನೆ ಹೊಕ್ಕಿತು ಎಂದು ಹುಡುಕುವ ಓದು. ಅವಳ ಅವ್ವ ಜಟ್ಟೆಮ್ಮ ಕೇಳಿದವರಿಗೆ ಹೇಳುತ್ತಿದ್ದಳು: "ವಾಸಿ ಮಾಡೋದು ಕಲಿಸಂಗಿಲ್ಲಂತ. ಎಣಿಸೋದು ಕಲಿಸ್ತಾರಂತ."

ಮನೆ ಮನೆ ಕೇಳುತ್ತ ಕೇಳುತ್ತ ಅವಳದೇ ಬಾಗಿಲಿಗೆ ಬಂದಾಗ ರಾಮು ನಕ್ಕ. "ನಿಮ್ಮನೇನೂ ಬಿಡೋ ಹಂಗಿಲ್ಲ. ನೀನೇ ಕೇಳು."

"ನಮ್ಮವ್ವನ್ನ ನಾನೇ ಹೆಂಗೋ ಕೇಳ್ಲಿ?"

"ಕೇಳಿ ಪ್ರಿಯದರ್ಶಿನಿ," ಅಂದರು ಮೇಡಂ. "ಇಲ್ಲಿಯವರು ನಿಮ್ಮ ಹತ್ರ ಬಾಯಿ ಬಿಟ್ಟ ಹಾಗೆ ನಮ್ಮ ಹತ್ರ ಬಿಡಲ್ಲ. ಅದಕ್ಕೇ ತಾನೆ ಈ ವಠಾರ ನಿಮಗೆ ಕೊಟ್ಟಿದ್ದು."

ಜಟ್ಟೆಮ್ಮ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಇಂದಿರಾನಗರದ ಖಾನಾವಳಿಗೆ ಮಧ್ಯಾಹ್ನದೊಳಗೆ ಒಂದು ಬುಟ್ಟಿ ರೊಟ್ಟಿ ಹೋಗಬೇಕು. ತಲೆ ಎತ್ತಲಿಲ್ಲ.

"ಮನೇಲಿ ಯಾರ್ಯಾರು ಇದ್ದೀರಿ?"

"ನಿನಗ ಗೊತ್ತಿಲ್ಲೇನು?"

ರಾಮು ಕಿಸಕ್ಕೆಂದ. "ನೀ ಹೇಳಬೇಕವ್ವ," ಅಂದಳು ಪ್ರಿಯದರ್ಶಿನಿ.

"ನಾನು, ನೀ, ನಿಮ್ಮಣ್ಣ ದುರ್ಗೇಶ. ನಿಮ್ಮಪ್ಪ ಊರಾಗದಾರ."

"ಯಾರಿಗಾದ್ರೂ ಕಣ್ಣು ಹಳದಿ, ಉಚ್ಚೆ ಹಳದಿ, ಊಟ ಸೇರದೆ ಇರೋದು, ವಾಂತಿ..."

ರೊಟ್ಟಿ ಬಡಿಯುವ ಸದ್ದು ನಿಂತಿತು. ಜಟ್ಟೆಮ್ಮ ಮಗಳ ಮುಖ ನೋಡಿದಳು. ಬಾಗಿಲಲ್ಲಿ ನಿಂತ ಮೇಡಂ ಮುಖ ನೋಡಿದಳು. ಮತ್ತೆ ಮಗಳ ಮುಖ.

"ಇಲ್ಲ," ಅಂದಳು. "ಈ ಮನ್ಯಾಗ ಯಾರಿಗೂ ಏನೂ ಆಗಿಲ್ಲ. ಬರಕೋ."

ಪ್ರಿಯದರ್ಶಿನಿ ಬರೆದುಕೊಂಡಳು. ಸುಳ್ಳಿಗೆ ಇಬ್ಬರು ಬೇಕು ನೋಡಿ, ಹೇಳುವವರೊಬ್ಬರು, ಒಪ್ಪಿಕೊಳ್ಳುವವರೊಬ್ಬರು.

ಈಗ ಮಾನಪ್ಪನ ಸುದ್ದಿ ಹೇಳಬೇಕು. ಅವನು ಪ್ರಿಯದರ್ಶಿನಿಯ ಅಪ್ಪ. ಸುರಪುರದ ಕಡೆಯ ಹಳ್ಳಿಯವನು, ಬೆಂಗಳೂರಿಗೆ ಬಂದು ಗಾರೆ ಕೆಲಸ ಹಿಡಿದವನು. ಹಣೆಯಲ್ಲಿ ವಿಭೂತಿ, ರಟ್ಟೆಯಲ್ಲಿ ದರ್ಗಾದ ತಾಯಿತ, ಎರಡೂ ಅವನಿಗೆ ಒಂದೇ ಮನೆಯ ಎರಡು ಕಿಟಕಿ ಇದ್ದ ಹಾಗೆ. ಅವನ ಊರಲ್ಲಿ ಮುಸಲ್ಮಾನರ ಮನೆ ಒಂದೋ ಎರಡೋ. ಆದರೂ ಮೊಹರಮ್ ಬಂತೆಂದರೆ ಊರಿಗೆ ಊರೇ ಬೆಂಕಿ ಹಾಕುವ ಅಲಾಯಿ ಕುಣಿ ತೋಡುತ್ತಿತ್ತು, ದೇವರು ಹೊರುತ್ತಿತ್ತು, ಪಾನಕ ಹಂಚುತ್ತಿತ್ತು. ಪಾನಕಕ್ಕೆ ನಿಂಬೆ ಹಿಂಡುವುದು ಮಾನಪ್ಪನ ಮನೆತನದ ಸೇವೆ. ಈ ವಠಾರಕ್ಕೆ ಬಂದ ವರ್ಷವೇ, ಎದುರು ಸಾಲಿನ ಹಮೀದಾ ರಂಜಾನಿನ ಮೊದಲ ಶುಕ್ರವಾರ ಇಡೀ ವಠಾರಕ್ಕೆ ಶರಬತ್ತು ಹಂಚುತ್ತಾಳೆಂದು ತಿಳಿದದ್ದೇ ತಡ, ಕಾಲು ತೊಳೆದುಕೊಂಡು ಹೋಗಿ ಕೂತುಬಿಟ್ಟ.

"ಭಾಯಿ, ಹಿಂಡೋಕೆ ಮಷೀನ್ ಇದೆ," ಅಂದಿದ್ದಳು ಹಮೀದಾ.

"ಮಷೀನಿಗೆ ಭಕ್ತಿ ಇರತದೇನ್ರಿ ಅಕ್ಕಾ?"

ಅಂದಿನಿಂದ ಪ್ರತಿ ವರ್ಷ ಅದು ಅವನದೇ ಕೆಲಸ. ಈ ವರ್ಷವೂ ಹಿಂಡಿದ. ಆದರೆ ಆ ವಾರ ಅವನಿಗೆ ಮೈ ಸರಿ ಇರಲಿಲ್ಲ. ಸಣ್ಣ ಜ್ವರ, ಅನ್ನ ಕಂಡರೆ ಓಕರಿಕೆ. ಮಗಳನ್ನು ಕೇಳಿದ್ದ. ಅವಳಿಗೆ ಪರೀಕ್ಷೆ, ಪುಸ್ತಕದಿಂದ ಕಣ್ಣೆತ್ತದೆ, "ಗ್ಯಾಸ್ಟ್ರಿಕ್ ಇರಬೇಕಪ್ಪ, ಎಳನೀರು ಕುಡಿ" ಅಂದಿದ್ದಳು. ಆ ಪುಸ್ತಕದಲ್ಲೇ ಬರೆದಿತ್ತು, ಕಾಮಾಲೆಯವನು ಕಣ್ಣು ಹಳದಿಯಾಗುವ ಮೊದಲಿನ ದಿನಗಳಲ್ಲೇ ರೋಗವನ್ನು ಹೆಚ್ಚು ಹಂಚುತ್ತಾನೆ ಎಂದು. ಶುಕ್ರವಾರ ಕಳೆದು ಇನ್ನೊಂದು ಶುಕ್ರವಾರ ಬರುವಷ್ಟರಲ್ಲಿ ಅವನ ಕಣ್ಣು ಅರಿಸಿನವಾಯಿತು.

ಜಟ್ಟೆಮ್ಮ ಬಾಗಿಲು ಹಾಕಿ ಮಾತಾಡಿದಳು. "ಕಾಮಾಲಿ ಮನಿ ರೊಟ್ಟಿ ಯಾರ್ ತಿಂತಾರ? ಮುನೀಂದ್ರಪ್ಪ ಮನಿ ಬಿಡಸ್ತಾನ. ಊರಿಗಿ ಹೋಗಿ ಸೊಪ್ಪಿನ ಔಷಧ ತಗೊಂಡು ಅಲ್ಲೇ ಇದ್ದು ಬರಲಿ." ಆಮೇಲೆ ಮಗಳ ಕಡೆ ತಿರುಗಿ, "ರೋಗ ಹುಡುಕೋದು ಓದೋ ಮಗಳು, ತಮ್ಮಪ್ಪನ ರೋಗ ಕಾಣಲಿಲ್ಲಂದ್ರ ಮಂದಿ ನಗತಾರವಾ," ಅಂದಳು. ರೊಟ್ಟಿಯ ಮಾತಿಗೆ, ಮನೆಯ ಮಾತಿಗೆ ಪ್ರಿಯದರ್ಶಿನಿ ಎದುರು ಹೇಳುತ್ತಿದ್ದಳೇನೋ. ಈ ಮಾತಿಗೆ ತಲೆ ತಗ್ಗಿಸಿದಳು. ದುರ್ಗೇಶ ತನ್ನ ಲಗೇಜ್ ಆಟೋದಲ್ಲೇ ಅಪ್ಪನನ್ನು ಟಿನ್ ಫ್ಯಾಕ್ಟರಿ ಸ್ಟಾಪಿಗೆ ಕರೆದೊಯ್ದು ಬಸ್ಸು ಹತ್ತಿಸಿ ಬಂದ. ವಠಾರಕ್ಕೆ ಹೇಳಿದ್ದು, ಊರಲ್ಲಿ ಮನೆ ಮಾಳಿಗೆ ರಿಪೇರಿ ಇದೆ ಅಂತ.

ಆ ವರ್ಷ ಯುಗಾದಿ ಮುಂದೆ, ರಂಜಾನ್ ಹಬ್ಬ ಅದರ ಹಿಂದೆಯೇ ಬಂದವು. ಜಟ್ಟೆಮ್ಮನಿಗೆ ಹೋಳಿಗೆ ಮಾಡುವ ಮನಸ್ಸಾಗಲಿಲ್ಲ. ಹಬ್ಬದ ದಿನ ಹಮೀದಾ ಸ್ಟೀಲ್ ಡಬ್ಬಿಯ ತುಂಬ ಶಾವಿಗೆಯ ಶೀರ್ ಖುರ್ಮಾ ಕಳಿಸಿದಳು. ತಿಂದಾಯಿತು, ಡಬ್ಬಿ ತೊಳೆದಾಯಿತು. ಹಿಂದಕ್ಕೆ ಕೊಡುವುದು ಹೇಗೆ? ಬಂದ ಪಾತ್ರೆ ಬರಿದಾಗಿ ಹೋಗಬಾರದು. ಹೋಳಿಗೆ ಇಲ್ಲ, ಬೇರೆ ಏನು ಹಾಕಲೂ ಕೈ ಬರಲಿಲ್ಲ. ಡಬ್ಬಿ ನೆಲುವಿನ ಪಕ್ಕದ ಹಲಗೆಯ ಮೇಲೆ ಕೂತಿತು, ಅಲ್ಲೇ ಉಳಿಯಿತು.

ಮೋಡ ಕವಿದ ಆ ಬೆಳಿಗ್ಗೆ, ತಮ್ಮ ಮನೆಯಲ್ಲಿ 'ಇಲ್ಲ' ಎಂದು ಬರೆದುಕೊಂಡ ಕೈಯಲ್ಲೇ ಪ್ರಿಯದರ್ಶಿನಿ ಹಮೀದಾಳ ಬಾಗಿಲು ತಟ್ಟಿದಳು.

ಒಳಗೆ ಮಗಳು ಸಿದ್ರಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬಿ.ಕಾಂ. ಕೊನೆಯ ಪರೀಕ್ಷೆ ಬರೆಯಲಾಗಿರಲಿಲ್ಲ. ಹಮೀದಾ ತವೆಯ ಮೇಲೆ ಸಮೋಸದ ಪಟ್ಟಿ ಬೇಯಿಸುತ್ತಿದ್ದಳು. ಮೈದಾ ಹಿಟ್ಟನ್ನು ಕಾಗದದಷ್ಟು ತೆಳ್ಳಗೆ ಲಟ್ಟಿಸಿ, ಅರೆಬೇಯಿಸಿ, ಉದ್ದುದ್ದ ಕತ್ತರಿಸಿ ಶಿವಾಜಿನಗರದ ಇನಾಯತ್ ಉಲ್ಲಾನ ಅಂಗಡಿಗೆ ಕೊಡುವುದು ಅವಳ ಕಸುಬು.

"ಬಾ ಬೇಟಿ! ಕೋಟ್ ಹಾಕ್ಕೊಂಡು ಡಾಕ್ಟರಮ್ಮ ಆಗ್ಬಿಟ್ಟಿದ್ದೀಯ. ಮೇಡಂ, ಚಾ ಮಾಡ್ಲಾ? ಕುದ್ದಿರೋ ಚಾ, ಹೆದರ್ಬೇಡಿ."

ಮೇಡಂ ನಕ್ಕರು. "ಆಮೇಲೆ ಕುಡೀತೀನಿ. ಎಲ್ಲರೂ ಹೊರಗಡೆದು ಏನೂ ತಿಂದಿಲ್ಲ ಅಂತಾರೆ. ಹೊರಗಡೆದು ಬೇಡ, ವಠಾರದೋರೆಲ್ಲ ಒಟ್ಟಿಗೆ ತಿಂದಿದ್ದು, ಕುಡಿದಿದ್ದು ಏನಾದ್ರೂ ಇದೆಯಾ?"

"ಯಾಕಿಲ್ಲ? ರಂಜಾನ್ ಮೊದಲನೇ ಜುಮ್ಮಾಗೆ ನನ್ನ ಶರಬತ್. ಎಲ್ಲರ ಮನೆಗೂ ಹೋಗತ್ತೆ. ಮೂಲೆ ಮನೆ ಅಜ್ಜಿ ಒಬ್ಬರು ಕುಡಿಯಲ್ಲ, ಅವರಿಗೆ ಶುಗರ್."

ಮೂಲೆ ಮನೆಯ ಅಜ್ಜಿ ಗಟ್ಟಿಮುಟ್ಟಾಗಿದ್ದಳು. ಮೇಡಂ ರಾಮುವಿನ ಮುಖ ನೋಡಿದರು. "ಪ್ರಿಯದರ್ಶಿನಿ, ಇವರ ಹತ್ರ ಪೂರ್ತಿ ಕೇಳಿ ಬರ್ಕೊಳ್ಳಿ. ನಾವು ನೀರಿನ ಸಂಪ್ ನೋಡ್ಕೊಂಡು ಬರ್ತೀವಿ."

ಅವರು ಹೋದ ಮೇಲೆ ಹಮೀದಾ ಪಟ್ಟಿ ಮಗುಚುತ್ತ ತಾನಾಗಿಯೇ ಹೇಳಿದಳು. ಮುಚ್ಚುಮರೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. "ನೀರು ಕಾಯಿಸಿ ಆರಿಸಿದ್ದು. ಐಸ್ ಅಂಗಡೀದು. ಸಕ್ಕರೆ ನಾನು ಹಾಕಿದೆ, ಸಬ್ಜಾ ಬೀಜ ಸಿದ್ರಾ ನೆನೆಸಿದ್ಲು. ನಿಂಬೆ ಹಿಂಡಿದ್ದು ನಿಮ್ಮಪ್ಪಾನೇ, ನಿಂಗೊತ್ತಲ್ಲ, ಅವರದೇ ಡ್ಯೂಟಿ. ಬರ್ಕೋ, ಬರ್ಕೋ, ಮಾನಪ್ಪ ಭಾಯಿ ಹೆಸರೂ ಪುಸ್ತಕದಲ್ಲಿ ಬರ್ಲಿ!"

ಪ್ರಿಯದರ್ಶಿನಿ ಪೆನ್ನು ಹಿಡಿದಳು. ತಯಾರಿಸಿದವರು ಯಾರು ಎನ್ನುವ ಸಾಲಿನ ಮುಂದೆ ಒಂದೇ ಹೆಸರು ಬರೆದಳು: ಹಮೀದಾ.

"ಊರಲ್ಲಿ ಹೇಗಿದ್ದಾರೆ ಭಾಯಿ?"

"ಚೆನ್ನಾಗಿದ್ದಾರೆ ಖಾಲಾ."

"ಈ ಕಾಯಿಲೆ ಟೈಮಲ್ಲಿ ಅಲ್ಲಿರೋದೇ ಒಳ್ಳೇದಾಯ್ತು. ಅಲ್ಲಾ ಕಾಪಾಡಿದ," ಅಂದಳು ಹಮೀದಾ, ಮನಸಾರೆ.

ಒಂದು ವಾರ ಕಳೆಯಿತು. ಆರೋಗ್ಯ ಕೇಂದ್ರದವರು ಬಂದು ನೀರಿಗೆ ಮಾತ್ರೆ ಹಾಕಿ, ಎಲ್ಲರನ್ನೂ ಅಂಗಳದಲ್ಲಿ ಕೂಡಿಸಿ, ರಂಜಾನಿನ ಶರಬತ್ತಿನಿಂದ ಹರಡಿದೆ ಎಂದು ಹೇಳಿದರು. ಯಾರ ಹೆಸರನ್ನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಸಂಜೆಯೊಳಗೆ ಆ ಮಾತು ಮರ್ಫಿ ಟೌನಿನ ಮಾರ್ಕೆಟ್ಟು ದಾಟಿ ಜೋಗುಪಾಳ್ಯ ಮುಟ್ಟಿತ್ತು, ಅಲ್ಲಿಂದ ಶಿವಾಜಿನಗರ ಮುಟ್ಟುವುದು ಏನು ಮಹಾ? ಹಮೀದಾಳ ಗಂಡ ಅಹ್ಮದ್ ಪಾಷಾ, ಕುಕ್ಕರ್ ರಿಪೇರಿಯವನು, ಕೊಟ್ಟುಬರಲು ಹೋದ ಸಮೋಸದ ಪಟ್ಟಿಯ ಗಂಟನ್ನು ಹಾಗೆಯೇ ಹೊತ್ತು ತಿರುಗಿ ಬಂದ. ವಠಾರದಲ್ಲಿ ಅವಳು ಕಳಿಸಿದ ತಟ್ಟೆಗಳು ಹಾಗೆಯೇ ಮುಚ್ಚಿಕೊಂಡು ವಾಪಸಾದವು. ನಲ್ಲಿಯ ಹತ್ತಿರ ಅವಳು ಕೊಡ ಇಟ್ಟರೆ ಪಕ್ಕದ ಕೊಡ ಅರ್ಧ ಮೊಳ ಸರಿಯುತ್ತಿತ್ತು.

ಕ್ಲಾಸಿನಲ್ಲಿ ಮೇಡಂ ಹೇಳಿದರು: "ಕುಡಿದವರು, ಕುಡಿಯದವರು ಅಂತ ಪ್ರಿಯದರ್ಶಿನಿ ಎಷ್ಟು ಸ್ಪಷ್ಟವಾಗಿ ಬಿಡಿಸಿದ್ದಾರೆ ನೋಡಿ. ಒಂದೇ ಕೊರತೆ. ಶರಬತ್ತಿಗೆ ರೋಗ ತಂದವರು ಯಾರು? ಆ ಮೊದಲನೆಯವರು ಸಿಗಲೇ ಇಲ್ಲ. ಸಿಗದೇನೂ ಇರಬಹುದು, ಕೆಲವು ಸಲ ಹಾಗಾಗತ್ತೆ."

ರಾಮು ಬೆನ್ನು ತಟ್ಟಿದ. "ಪಾರ್ಟಿ ಕೊಡಿಸು ಗುರು!" ಅವಳು ಆ ದಿನ ಬುತ್ತಿಯ ರೊಟ್ಟಿಯನ್ನು ಬಿಚ್ಚದೆ ಮನೆಗೆ ತಂದಳು.

ಮನೆಯಲ್ಲಿ ಊಟಕ್ಕೆ ಕೂತರೆ ಹಲಗೆಯ ಮೇಲಿನ ಡಬ್ಬಿ ನೇರ ಎದುರಿಗೆ. ಒಂದು ಸಂಜೆ ದುರ್ಗೇಶ ಅಂದ: "ಅವ್ವ, ಆ ಡಬ್ಬಿ ಕೊಟ್ಟಾದ್ರೂ ಬಿಡು, ಇಲ್ಲ ಒಳಗಾದ್ರೂ ಇಡು. ಊಟ ಮಾಡೋವಾಗ ಯಾರೋ ನೋಡ್ತಾ ಕೂತಂಗಿರತ್ತೆ."

"ಏನ್ ಹಾಕಿ ಕೊಡಲಿ?"

"ಸಕ್ಕರೆ ಹಾಕು."

"ಯಾವ ಮಾರಿ ಹೊತ್ತು ಆಕಿ ಬಾಗಿಲಿಗಿ ಹೋಗ್ಲಿ? ನೀನೇ ಕೊಟ್ಟು ಬಾ."

"ನಾನ್ಯಾಕೆ? ಬರ್ದೋಳು ಅವಳು."

"ಹೇಳಿದೋಳು ಅವ್ವ," ಅಂದಳು ಪ್ರಿಯದರ್ಶಿನಿ.

"ಹೌದವಾ, ನಾ ಹೇಳಿದೆ. ನಾ ನಾಕನೇತ್ತಿಗೇ ಸಾಲಿ ಬಿಟ್ಟಾಕಿ, ನನಗೇನು ತಿಳಿತದ? ನೀ ಇಷ್ಟೆಲ್ಲ ಓದಿದಾಕಿ, ನನ್ನ ಮಾತು ಯಾಕ ಬರಕೊಂಡಿ?"

ಮೂವರೂ ಉಂಡರು. ಪುಂಡಿಪಲ್ಯ ಅವತ್ತು ಕಹಿ ಅನ್ನಿಸಿತು. ಪಲ್ಯದ ತಪ್ಪೇನಲ್ಲ.

ಮೇ ನಡುವಿನಲ್ಲಿ ಮಾನಪ್ಪ ಊರಿಂದ ಬಂದ. ಟಿನ್ ಫ್ಯಾಕ್ಟರಿಯಿಂದ ದುರ್ಗೇಶನ ಆಟೋದಲ್ಲಿ ಬಂದಿಳಿದಾಗ ಅಂಗಿ ಹ್ಯಾಂಗರಿಗೆ ತೂಗುಹಾಕಿದ ಹಾಗೆ ಮೈಮೇಲೆ ಜೋಲುತ್ತಿತ್ತು, ಆದರೆ ಕಣ್ಣು ಬೆಳ್ಳಗಾಗಿತ್ತು. ಚೀಲದಲ್ಲಿ ಊರಿನ ಗೋಧಿ ತಂದಿದ್ದ. ಕೈಕಾಲು ತೊಳೆದು, ದೇವರ ಫೋಟೋಕ್ಕೆ ಕೈ ಮುಗಿದು, ಮೊದಲು ಕೇಳಿದ್ದು: "ಹಮೀದಕ್ಕ ಯಾಕ ಮಾತಾಡ್ಲಿಲ್ಲ? ಬಾಗಿಲಾಗ ನಿಂತಿದ್ಲು. ನಾ ಕೈ ಎತ್ತಿದ್ರ ತಲಿ ತಗ್ಗಿಸಿ ಒಳಗ ಹೋದ್ಲು. ನಾನೇನು ತಪ್ಪು ಮಾಡೀನಿ?"

ಜಟ್ಟೆಮ್ಮ ತಟ್ಟೆ ಇಟ್ಟಳು, ರೊಟ್ಟಿ ಇಟ್ಟಳು. ಅವನು ಮುಟ್ಟಲಿಲ್ಲ. ಆಗ ಪ್ರಿಯದರ್ಶಿನಿ ಹೇಳಿದಳು. ಶರಬತ್ತು, ಕಾಮಾಲೆ, ಸಿದ್ರಾಳ ಪರೀಕ್ಷೆ, ವಾಪಸ್ ಬಂದ ಪಟ್ಟಿ. ಹೇಳುತ್ತ ಹೋದ ಹಾಗೆ ಮಾನಪ್ಪ ತನ್ನ ಎರಡು ಕೈಯನ್ನೂ ಅಂಗೈ ಮೇಲೆ ಮಾಡಿ ತೊಡೆಯ ಮೇಲಿಟ್ಟುಕೊಂಡು ನೋಡಿದ. ಗಾರೆ ತಿಂದು ಬಿರುಕುಬಿಟ್ಟ ಕೈ.

"ಈ ಕೈಲಿಂದ?" ಅಂದ.

"ಹೌದಪ್ಪ."

"ನನ್ನ ಹೆಸರು ಆಕಿ ಹೇಳಿದ್ಲೇನು?"

"ಹೇಳಿದ್ರು."

"ನೀ ಬರೀಲಿಲ್ಲೇನು?"

ಅವಳು ತಟ್ಟೆಯನ್ನು ಅಪ್ಪನ ಕಡೆ ಸರಿಸಿದಳು. ಮಾನಪ್ಪ ಎದ್ದ. "ಹೋಗಿ ಹೇಳಿ ಬರ್ತೀನಿ."

ಜಟ್ಟೆಮ್ಮ ಬಾಗಿಲಿಗೆ ಅಡ್ಡ ನಿಂತಳು. "ಹೇಳಿ ಏನ್ ಮಾಡ್ತಿ? ಆಕಿ ಪಟ್ಟಿ ನಿಂತವು, ಇನ್ನ ನನ್ನ ರೊಟ್ಟಿನೂ ನಿಲ್ಲಬೇಕೇನು? ನಿನ್ನ ಕೈಯಾಗ ಕರಣಿ ಹಿಡಿಯೋ ಕಸುವಿಲ್ಲ ಇನ್ನ. ಹುಡುಗ ಒಬ್ಬಾವ ದುಡದು ಎಷ್ಟಂತ ತರ್ತಾನ?"

"ಅಪ್ಪ, ಮುನೀಂದ್ರ ಮನೆ ಖಾಲಿ ಮಾಡಿ ಅಂತಾನೆ," ದುರ್ಗೇಶನೂ ದನಿ ಎತ್ತಿದ. "ಇವಳ ಡಿಗ್ರೀನೂ ಹೋಗತ್ತೆ. ಇಷ್ಟು ದಿನ ಆಯ್ತು, ಜನ ಮರೀತಾರೆ ಬಿಡು."

"ಮಂದಿ ಮರೀತಾರಪಾ," ಅಂದ ಮಾನಪ್ಪ, ಮೆಲ್ಲಗೆ. "ದೇವರ ಮುಂದ ಹಿಂಡೀನಿ ನಾನು. ಸೇವಾ ಮಾಡಿದ ಕೈ ನಂದು, ಕಳಂಕ ಆಕಿಗಿ. ಬರೋ ಮೊಹರಮ್ಮಿಗಿ ಯಾವ ಕೈ ಮುಗೀಲಿ?"

ಅಷ್ಟು ಹೇಳಿ ಕೂತುಬಿಟ್ಟ. ಪ್ರಿಯದರ್ಶಿನಿ ಅವನ ಮುಂದಿದ್ದ ರೊಟ್ಟಿ ಮುರಿದು ಹಾಲಲ್ಲಿ ನೆನೆಸಿದಳು. "ಉಣ್ಣಪ್ಪ. ನೀ ಹೇಳೋದು ಬ್ಯಾಡ. ಬರೀದೆ ಬಿಟ್ಟೋಳು ನಾನು. ನಾನೇ ಹೇಳ್ತೀನಿ."

"ಹೇಳು, ಹೇಳು," ಅಂದಳು ಜಟ್ಟೆಮ್ಮ. "ಮನಿ ಸುಡೋ ದೀಪ ಆಗು."

ಮಾರನೆಯ ಬೆಳಿಗ್ಗೆ ನೀರು ಬರುವ ಸರದಿ. ವಠಾರವೆಲ್ಲ ಕೊಡ ಬಿಂದಿಗೆ ಹಿಡಿದು ನಲ್ಲಿಯ ಸುತ್ತ. ಹಮೀದಾ ಒಂದು ಪಕ್ಕಕ್ಕೆ, ತನ್ನ ಸುತ್ತ ಜಾಗ ಬಿಟ್ಟುಕೊಂಡು ನಿಂತಿದ್ದಳು. ಪ್ರಿಯದರ್ಶಿನಿ ಕೋಟು ಹಾಕಿರಲಿಲ್ಲ. ಮನೆಯ ನೈಟಿಯ ಮೇಲೆ ದುಪ್ಪಟ್ಟಾ. ಮಾನಪ್ಪ ಗೋಡೆ ಹಿಡಿದು ಅವಳ ಹಿಂದೆ ಬಂದು ನಿಂತ.

"ಒಂದು ಮಾತು ಹೇಳ್ಬೇಕು," ಅಂದಳು. "ಕಾಮಾಲೆ ಮೊದಲು ಬಂದಿದ್ದು ನಮ್ಮಪ್ಪಂಗೆ. ಶರಬತ್ತಿಗೆ ನಿಂಬೆ ಹಿಂಡೋವಾಗ್ಲೇ ಅವರಿಗೆ ಹುಷಾರಿರಲಿಲ್ಲ. ಕಣ್ಣು ಹಳದಿ ಆದ ಮೇಲೆ ಊರಿಗೆ ಕಳಿಸಿ ನಿಮ್ಮ ಹತ್ರ ಸುಳ್ಳು ಹೇಳಿದ್ವಿ. ನಂಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಖಾಲಾ ಹೆಸರು ಒಂದೇ ಬರೆದೆ. ಅವರದು ಏನೂ ತಪ್ಪಿಲ್ಲ."

ನಲ್ಲಿಯ ನೀರು ಒಂದು ಕೊಡ ತುಂಬಿ ಹೊರಗೆ ಚೆಲ್ಲುತ್ತಿತ್ತು. ಯಾರೂ ನಿಲ್ಲಿಸಲಿಲ್ಲ.

"ಆಹಾ, ಓದಿದ್ದು ಇದಕ್ಕೇನಮ್ಮ?" ಅಂದಳು ಒಬ್ಬಳು.

"ಅಪ್ಪನ್ನ ಬಚ್ಚಿಟ್ಟು ನಮ್ಮನೇಗೆ ಬಂದು ಉಚ್ಚೆ ಬಣ್ಣ ಕೇಳಿದ್ಲಲ್ಲೇ!" ಅಂದಳು ಇನ್ನೊಬ್ಬಳು. ಕೆಲವರು ನಕ್ಕರು. ಮೂಲೆ ಮನೆಯ ಅಜ್ಜಿ, "ನಗ್ಬೇಡ್ರೇ," ಅಂದು ತಾನೇ ಹೋಗಿ ನಲ್ಲಿ ತಿರುಗಿಸಿದಳು.

ಹಮೀದಾ ಹತ್ತಿರ ಬಂದಳು. "ನಾನು ನಿಂಗೆ ಹೇಳಿದ್ದೆ. ಹೇಳಿದ್ನಾ ಇಲ್ವಾ?"

"ಹೇಳಿದ್ರಿ ಖಾಲಾ."

"ಬರ್ಕೋ ಅಂದೆ."

"ಅಂದ್ರಿ."

ಹಮೀದಾಳ ಕಣ್ಣು ಅವಳನ್ನು ದಾಟಿ ಗೋಡೆ ಹಿಡಿದು ನಿಂತ ಮಾನಪ್ಪನ ಮೇಲೆ ಹೋಯಿತು. "ಭಾಯಿ, ಈಗ ಮೈ ಹುಷಾರಿದೆಯಾ?" ಎಂದು ಕೇಳಿದಳು. ಅಷ್ಟೇ. ತುಂಬದ ಕೊಡವನ್ನೇ ಎತ್ತಿಕೊಂಡು ಒಳಗೆ ಹೋದಳು.

ಬೈದಿದ್ದರೆ ಮಾನಪ್ಪ ನಿಂತು ಬೈಸಿಕೊಳ್ಳುತ್ತಿದ್ದ. ಆ ಮಾತಿಗೆ ಅವನು ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಅಲ್ಲೇ ಕುಕ್ಕರಗಾಲಲ್ಲಿ ಕೂತ.

ಪ್ರಿಯದರ್ಶಿನಿ ಕಾಲೇಜಿಗೆ ಹೋಗಿ ಹೇಳಿದ್ದನ್ನೆಲ್ಲ ಶಾಂತಕುಮಾರಿ ಮೇಡಂ ಕೇಳಿಸಿಕೊಂಡು ವರದಿಯ ಕಡತ ಮುಚ್ಚಿದರು.

"ನಿಮ್ಮ ಮನೆ ಬಾಗಿಲಲ್ಲಿ ನಿಮ್ಮಿಂದಲೇ ಕೇಳಿಸಿದ್ದು ನನ್ನ ತಪ್ಪು," ಅಂದರು. "ಬರೆದಿದ್ದು ನಿಮ್ಮ ತಪ್ಪು. ವರದಿ ವಾಪಸ್ ತಗೋತೀನಿ, ಆರೋಗ್ಯ ಕೇಂದ್ರಕ್ಕೂ ತಿಳಿಸ್ತೀನಿ. ಫೀಲ್ಡ್ ಕೆಲಸ ನೀವು ಮುಂದಿನ ಸೆಮಿಸ್ಟರಲ್ಲಿ ಹೊಸದಾಗಿ ಮಾಡ್ಬೇಕು. ಬೇರೆ ಕಡೆ."

"ಆಯ್ತು ಮೇಡಂ."

"ಆ ಅಂಗಡಿಯವರಿಗೆ ಹೇಳಿದ್ರಾ?"

ಇಬ್ಬರೂ ಶಿವಾಜಿನಗರಕ್ಕೆ ಹೋದರು. ಇನಾಯತ್ ಉಲ್ಲಾ ಗಲ್ಲಾದ ಮುಂದೆ ಕೂತು, ಮೇಡಂ ಹೇಳಿದ್ದನ್ನೆಲ್ಲ ಗೌರವದಿಂದ ಕೇಳಿ, "ನೋಡೋಣಮ್ಮ. ಗಿರಾಕಿಗಳಿಗೆ ಒಂದ್ಸಲ ಡೌಟ್ ಬಂದ್ರೆ ಹೋಗೋದು ನಿಧಾನ. ಹಮೀದಾ ಆಪಾ ಪಟ್ಟಿ ತರ ಯಾರದೂ ಬರಲ್ಲ, ಅದು ನಿಜ," ಅಂದ. 

ಮುಂದಿನ ವಾರದಿಂದ ಅವನು ಮೊದಲಿನ ಅರ್ಧದಷ್ಟು ತೆಗೆದುಕೊಳ್ಳಲು ಶುರುಮಾಡಿದ. ಪ್ರಿಯದರ್ಶಿನಿಗೆ ಅದು ಸಿದ್ರಾಳ ಬಾಯಿಂದಲೇ ತಿಳಿಯಬೇಕಿತ್ತು, ಹಿಂದಿನ ದಿನಗಳಾಗಿದ್ದರೆ. ಈಗ ರಸ್ತೆಯಲ್ಲಿ ಎದುರಾದರೆ ಸಿದ್ರಾ ಫೋನು ನೋಡುತ್ತ ದಾಟಿಹೋಗುತ್ತಿದ್ದಳು. ಅಂಗಡಿಗೆ ಹೋಗುವ ಗಂಟನ್ನು ದೂರದಿಂದ ನೋಡಿ ಪ್ರಿಯದರ್ಶಿನಿ ತಿಳಿದುಕೊಂಡಳು.

ಮನೆಯಲ್ಲಿ ದುರ್ಗೇಶ ಎರಡು ದಿನ ಹಾರಾಡಿದ. "ಇನ್ನೊಂದು ಆರು ತಿಂಗಳಾ? ನಾನೇನು ಆಟೋ ಓಡಿಸ್ತೀನಾ, ಏರೋಪ್ಲೇನಾ?" ಮೂರನೆಯ ದಿನ ತಾನೇ ತಂಗಿಗೆ ಬಸ್ ಪಾಸಿನ ದುಡ್ಡು ತಟ್ಟೆಯ ಪಕ್ಕ ಇಟ್ಟು ಹೋದ. ಮುನೀಂದ್ರ ಬಂದು ಗದರಿ, ಮನೆ ಬಿಡಿ ಅನ್ನದೆ, "ಇನ್ಮೇಲೆ ಹಿಂಗೆಲ್ಲ ಮಾಡ್ಬೇಡಿ" ಅಂದು ಹೋದ. ಜಟ್ಟೆಮ್ಮ ಮಾತ್ರ ಮಗಳೊಡನೆ ಮಾತು ಬಿಟ್ಟಿದ್ದಳು. ಬಡಿಸುವಾಗ ಕೂಡ "ಆಕಿಗಿ ಬೇಕೇನು ಕೇಳು" ಎಂದು ಗಂಡನಿಗೆ ಹೇಳುತ್ತಿದ್ದಳು.

ಜೂನ್ ತಿಂಗಳಲ್ಲಿ, ಮಳೆ ನಿಂತ ಒಂದು ಮಧ್ಯಾಹ್ನ ಇಂದಿರಾನಗರದಿಂದ ರೊಟ್ಟಿಯ ಬುಟ್ಟಿ ವಾಪಸ್ ಬಂತು. ಮೇಲೆ ಮುಚ್ಚಿದ ಬಿಳಿ ಬಟ್ಟೆ ಕೂಡ ಬಿಚ್ಚಿರಲಿಲ್ಲ. ಖಾನಾವಳಿಯವನು ಫೋನಿನಲ್ಲಿ, "ಕೆಲವು ದಿನ ಬೇಡಮ್ಮ, ಯಾರೋ ಏನೋ ಹೇಳಿದ್ರು" ಅಂದನಂತೆ. ಜಟ್ಟೆಮ್ಮ ಬುಟ್ಟಿಯನ್ನು ಮುಂದಿಟ್ಟುಕೊಂಡು ಹೊಸ್ತಿಲಲ್ಲಿ ಕೂತಳು. ಇವತ್ತು ಬಯ್ಗುಳದ ಮಳೆ ಎಂದು ಪ್ರಿಯದರ್ಶಿನಿ ಪುಸ್ತಕ ಮುಚ್ಚಿ ಕಾದಳು.

ಜಟ್ಟೆಮ್ಮ ಬಟ್ಟೆ ಸರಿಸಿ ಒಂದು ರೊಟ್ಟಿ ಮುಟ್ಟಿ ನೋಡಿದಳು. ಇನ್ನೂ ಮೆತ್ತಗಿತ್ತು.

"ಪ್ರಿಯಾ," ಅಂದಳು. ಎಷ್ಟೋ ದಿನಕ್ಕೆ ಹೆಸರು ಹಿಡಿದು ಕರೆದಿದ್ದಳು. "ಆಕಿ ಪಟ್ಟಿನೂ ಹಿಂಗೇ ವಾಪಸ್ ಬಂದಿದ್ದುವೇನು?"

"ಹೌದವ್ವ. ಪಾಷಾ ಚಾಚಾ ಗಂಟು ಬಿಚ್ಚದೇ ತಂದಿದ್ರು."

"ಆಕಿನೂ ಹಿಂಗೇ ತನ್ನ ಹೊಸ್ತಿಲದಾಗ ಕುಂತಿದ್ಲು. ನಾ ಕಿಟಕಿಲಿಂದ ನೋಡೀನಿ," ಅಂದಳು ಜಟ್ಟೆಮ್ಮ. "ನೋಡಿ ಕಿಟಕಿ ಹಾಕ್ಕೊಂಡೆ."

ಆಮೇಲೆ ಬುಟ್ಟಿ ಒಳಗಿಟ್ಟು, ಮಾನಪ್ಪ ಊರಿಂದ ತಂದ ಗೋಧಿಯನ್ನು ಮೊರಕ್ಕೆ ಸುರಿದುಕೊಂಡು ಆರಿಸತೊಡಗಿದಳು. ಸಂಜೆ ನೆನೆಹಾಕಿದಳು.

ಮರುದಿನ ಬೆಳಿಗ್ಗೆ ಜಟ್ಟೆಮ್ಮ ಗ್ಯಾಸಿನ ಒಲೆಯನ್ನು ಎತ್ತಿಕೊಂಡು ಅಂಗಳಕ್ಕೆ ಬಂದಳು. ನಲ್ಲಿಯ ಪಕ್ಕ, ಎಲ್ಲರಿಗೂ ಕಾಣುವಲ್ಲಿ ಇಟ್ಟಳು. ಮೊಣಕೈಯವರೆಗೆ ಸೋಪು ಹಚ್ಚಿ ಕೈ ತೊಳೆದಳು. ಯಾರು ನೋಡುತ್ತಿದ್ದಾರೆ, ಯಾರು ಬಾಯಿಗೆ ಸೆರಗು ಹಿಡಿದು ಪಿಸುಗುಟ್ಟುತ್ತಿದ್ದಾರೆ ಎಂದು ನೋಡಲಿಲ್ಲ. ಮುಖ ಮಾತ್ರ ಕಿವಿಯವರೆಗೆ ಕೆಂಪಾಗಿತ್ತು. ಕುಟ್ಟಿದ ಗೋಧಿ, ಬೆಲ್ಲ, ಗಸಗಸೆ. ಹುಗ್ಗಿ.

"ಒಳಗೇ ಮಾಡಬಹುದಿತ್ತಲ್ಲವ್ವ," ಅಂದಳು ಪ್ರಿಯದರ್ಶಿನಿ, ಮೆಲ್ಲಗೆ.

"ಕುದಿಯೋದು ಕಾಣ್ಲಿ."

"ಇಷ್ಟು ಕುದ್ರೆ ಸಾಕು. ಏನೂ ಉಳಿಯಲ್ಲ."

"ನಿನ್ನ ಪುಸ್ತಕಕ್ಕ ಸಾಕು. ನನಗ ಇನ್ನೊಂದು ಉಕ್ಕು ಬರ್ಲಿ." ಸೌಟಿನಿಂದ ತಿರುವುತ್ತ, "ನೀ ಹೋಗಿ ಆ ಡಬ್ಬಿ ತಾ," ಅಂದಳು. "ಸೋಪು ಹಚ್ಚಿ ಇನ್ನೊಮ್ಮಿ ತೊಳಿ. ಬಿಸಿನೀರಾಗ."

ಡಬ್ಬಿಗೆ ಹುಗ್ಗಿ ಬಿದ್ದಾಗ ಸ್ಟೀಲು ಚುಯ್ಯೆಂದಿತು. ಜಟ್ಟೆಮ್ಮ ಅದನ್ನು ಸೆರಗಿನಲ್ಲಿ ಹಿಡಿದು ಎದುರು ಸಾಲಿಗೆ ನಡೆದಳು. ನಾಲ್ಕು ಹೆಜ್ಜೆಯ ಅಂಗಳ, ಕೈ ಸುಡುತ್ತಿದ್ದರೂ ಬೇಗ ನಡೆಯಲಾಗಲಿಲ್ಲ. ಪ್ರಿಯದರ್ಶಿನಿ ಒಲೆಯ ಬಳಿಯೇ ನಿಂತಳು. ಮಾನಪ್ಪ ಬಾಗಿಲಲ್ಲಿ, ಎರಡು ಕೈಯನ್ನೂ ಕಂಕುಳಲ್ಲಿ ಅಡಗಿಸಿಕೊಂಡು.

ಹಮೀದಾ ಕಿಟಕಿಯಿಂದ ನೋಡಿದ್ದಳೇನೋ, ಬಾಗಿಲು ತಟ್ಟುವ ಮೊದಲೇ ತೆರೆಯಿತು. ಕೈಯಲ್ಲಿ ಮೈದಾ ಹಿಟ್ಟು ಹತ್ತಿತ್ತು. ಇಬ್ಬರೂ ಹೊಸ್ತಿಲಿನ ಈಚೆ ಆಚೆ ನಿಂತರು.

"ತಡ ಆತು," ಅಂದಳು ಜಟ್ಟೆಮ್ಮ. ಹೇಳಬೇಕೆಂದು ರಾತ್ರಿ ಕೂಡಿಸಿಟ್ಟುಕೊಂಡ ಉಳಿದ ಮಾತೆಲ್ಲ ಎಲ್ಲೋ ಹೋಯಿತು.

ಹಮೀದಾ ಡಬ್ಬಿಯನ್ನು ನೋಡಿದಳು. ಹಿಟ್ಟಿನ ಕೈಯನ್ನು ದುಪ್ಪಟ್ಟಾದಲ್ಲಿ ಒರೆಸಿಕೊಂಡಳು.

"ಬಿಸಿ ಇದೆ," ಅಂದಳು.

"ಬಿಸಿ ಅದ. ದುಪ್ಪಟ್ಟಾದಾಗ ಹಿಡೀರಿ," ಅಂದು ಜಟ್ಟೆಮ್ಮ ಡಬ್ಬಿಯನ್ನು ಅವಳ ಎರಡೂ ಕೈಗೆ ಕೊಟ್ಟಳು.